ಕೆಂಪಿಯನ್ನು ತೆಗೆಯಬೇಕೆಂದವರು

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೆ.ಆರ್. ನಗರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹೆಗಲ ಮೇಲೆ ಟವಲು ಹಾಕಿಕೊಂಡ ದೊಡ್ಡ ಆಳೊಬ್ಬರು ನೇರ ನನ್ನೆದುರಿಗೆ ಬಂದು ನಿಂತರು. ಗುರುತಿಲ್ಲ, ಪರಿಚಯವಿಲ್ಲ.

“ನೀವೇನಾ ಆ ಪ್ರೆಸ್ಸಲ್ಲಿ ಕಾಮಿಕ್ಸ್ ಕಥೆ ಬರ್ಯೋ ಮೇಡಮ್ಮೋರು?”

“ಹೌದು, ನಾನೇ.”

“ಅಲ್ಲ ಕಣ್ರೀ, ಉರೀತಾ ಇರೋ ಬ್ಯಾರನ್ ಬುಟ್ಟು ನಮ್ ಸಿದ್ದನ್ನ ಹೊಡೆದಾಟಕ್ಕೆ ಕಳುಸ್ಬುಟ್ರಲ್ಲ, ನಿಮ್ಗೆ ಮನಸ್ಸಾದ್ರೂ ಎಂಗ್ ಬಂತು?”

ಇವರು ರಾವಂದೂರಿನ ಜವರೇಗೌಡರು, ಹೊಗೆಸೊಪ್ಪು ಬೆಳೆಯುವವರು. ಅವರು ಹೇಳುತ್ತಿದ್ದ ಸಿದ್ದ ಎಂದರೆ ಹೊಗೆಸಿದ್ದ, ನಮ್ಮ ಕಾಮಿಕ್ಸಿನ ವೀರರಲ್ಲೊಬ್ಬ. ಪಿರಿಯಾಪಟ್ಟಣ ತಾಲೂಕಿನವನು, ಬೇಕೆಂದಾಗ ಹೊಗೆಯಾಗಿ ಎಂಥ ಸಣ್ಣ ಕಿಂಡಿಯಲ್ಲೂ ತೂರಬಲ್ಲವನು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಬೆಂಕಿ ಕೊಟ್ಟ ಮೇಲೆ ಅದರ ಮುಂದೆ ಯಾರಾದರೊಬ್ಬರು ಕೂತು ಕಾಯಲೇಬೇಕು. ಶಾಖ ಜಾಸ್ತಿಯಾದರೆ ಸೊಪ್ಪು ಸೀಯುತ್ತದೆ, ಕಡಿಮೆಯಾದರೆ ಕೆಡುತ್ತದೆ. ನಾನೋ ಕೆ.ಆರ್. ನಗರದ ಭತ್ತದ ಸೀಮೆಯವಳು. ಎಲ್ಲೋ ಒಂದು ಕೂಗು ಕೇಳಿದ ಕೂಡಲೇ ಸಿದ್ದ ಬ್ಯಾರನ್ ಬಿಟ್ಟು ಹಾರಿಹೋದ ಎಂದು ಒಂದೇ ಗೆರೆಯಲ್ಲಿ ಬರೆದು ಮುಗಿಸಿದ್ದೆ.

“ಗೌಡ್ರೇ, ಮನುಷ್ಯ ಹೊಗೆಯಾಗಿ ಹಾರಿದ್ದನ್ನ ಒಪ್ತೀರಿ, ಬ್ಯಾರನ್ ಬಿಟ್ಟಿದ್ದನ್ನ ಒಪ್ಪಲ್ವಾ?” ಎಂದು ಕೇಳಿದೆ, ಸ್ವಲ್ಪ ಕುಚೋದ್ಯವಾಗಿಯೇ.

“ಹಾರೋದು ಅವ್ನ ಶಕ್ತಿ. ಬ್ಯಾರನ್ ಬುಟ್ಟೋಗೋದು ಅವ್ನ ಬುದ್ಧಿ ಅಲ್ಲ. ತಮ್ಮನ್ನೋ ಎಂಡ್ರನ್ನೋ ಕೂರುಸ್ಬುಟ್ಟು ಹೋದ ಅಂತ ಒಂದ್ ಮಾತು ಬರ್ದಿದ್ರೆ ನಿಮ್ ಕೈ ಸವ್ದೋಗ್ತಿತ್ತಾ?”

ಬಸ್ಸು ಬಂತು, ಹೋಯಿತು. ಗೌಡರ ಸಿಟ್ಟು ಇಳಿಯಲಿಲ್ಲ. ಮುಂದಿನ ಬಸ್ಸಿಗೆ ಹತ್ತಿಸುವ ಮುಂಚೆ ಟೀ ಕುಡಿಸಿದರು. ಕುಡಿಸುತ್ತಲೇ ಮತ್ತೆ ಬೈದರು.

ಕಾಮಿಕ್ಸ್ ಬರೆಯುವ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಮಕ್ಕಳೇ, ನಿಮಗೆ ಮೊದಲು ಈ ಕಥೆಯನ್ನೇ ಹೇಳಬೇಕೆನಿಸಿತು. ನಿಮ್ಮ ವೀರ ಲಾರಿ ಎತ್ತಲಿ, ಬೆಟ್ಟ ಸರಿಸಲಿ, ಓದುಗ ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಅವನು ಅವನಲ್ಲದ ಒಂದು ಕೆಲಸ ಮಾಡಿದನೋ, ಬಸ್ ಸ್ಟ್ಯಾಂಡಿನಲ್ಲಿ ಅಡ್ಡ ಹಾಕುತ್ತಾನೆ. ನಾನು ಮನೆಗೆ ಹೋಗುವ ಹಾದಿಯಲ್ಲಿ ಹಾಗೆ ಅಡ್ಡ ಹಾಕಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ನಮ್ಮ ಪ್ರೆಸ್ಸು ಹುಣಸೂರಿನಲ್ಲಿ, ಮರದ ಡಿಪೋ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ಲಗ್ನಪತ್ರಿಕೆ, ಬಿಲ್ ಬುಕ್ಕು, ಎಲೆಕ್ಷನ್ ಬಂದರೆ ಪಾಂಪ್ಲೆಟ್ಟು, ಇವೇ ಅದರ ಹೊಟ್ಟೆಪಾಡು. ನಾನು ಅಲ್ಲಿಗೆ ಪ್ರೂಫ್ ನೋಡಲು ಸೇರಿದವಳು. ಪ್ರೆಸ್ಸಿನ ಯಜಮಾನರಿಗೆ ಒಂದು ದಿನ ಇದ್ದಕ್ಕಿದ್ದಂತೆ ಕಾಮಿಕ್ಸಿನ ಹುಚ್ಚು ಹತ್ತಿತು. “ನಮ್ಮ ಪುಸ್ತಕ ಹೋಗೋದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೇ ತಾಲೂಕಿಗೆ. ತಾಲೂಕಿಗೊಬ್ಬ ವೀರ ಇರ್ಲಿ. ಪರದೇಶದೋರ ಥರ ಚಡ್ಡಿ ಮೇಲೆ ಚಡ್ಡಿ ಹಾಕಿಸ್ಬೇಡಿ, ಅಷ್ಟೇ,” ಎಂದರು. ಬರೆಯಲು ಬೇರೆ ಯಾರೂ ಸಿಗದೆ ನನ್ನನ್ನು ಕೂರಿಸಿದರು. ಚಿತ್ರಕ್ಕೆ ರಾಚಪ್ಪ ಸಿಕ್ಕಿದ. ಅವನು ಅದುವರೆಗೆ ಲಾರಿಗಳ ಹಿಂದೆ ಹುಲಿ, ಹದ್ದು, ಕಮಲದ ಹೂ ಬರೆಯುತ್ತಿದ್ದವನು.

ಹೀಗೆ ಹುಟ್ಟಿದ್ದು ‘ನಾಲ್ಕೂರ ಪಡೆ’. ಹುಣಸೂರಿನ ತೇಗದ ತಮ್ಮಯ್ಯ, ಮೈ ತೇಗದ ದಿಮ್ಮಿಯಷ್ಟು ಗಟ್ಟಿ. ಪಿರಿಯಾಪಟ್ಟಣದ ಹೊಗೆಸಿದ್ದ, ಅವನನ್ನು ಆಗಲೇ ನೋಡಿದಿರಿ. ಕೆ.ಆರ್. ನಗರದ ನಾಲೆ ನಂಜಮ್ಮ, ಕೈಸನ್ನೆಯಲ್ಲೇ ನೀರು ತಿರುಗಿಸುವ ಐವತ್ತರ ಹೆಂಗಸು. ಕೊನೆಯವಳು ಎಚ್.ಡಿ. ಕೋಟೆ ತಾಲೂಕಿನ ಎನ್. ಬೇಗೂರಿನ ಕೆಂಪಿ. ಅವಳಿಗೆ ಇದ್ದದ್ದು ಕಿವಿ. ಕಾಡಂಚಿನಲ್ಲಿ ನಿಂತರೆ ಮೈಲಿಗಟ್ಟಲೆ ದೂರದ ಆನೆಯ ಉಸಿರು ಕೇಳಿಸುತ್ತಿತ್ತು, ಮುಚ್ಚಿದ ಮನೆಯೊಳಗೆ ಎಷ್ಟು ಜನ ಇದ್ದಾರೆಂದು ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಳಗೆ ಎಷ್ಟು ಜನ ಇದ್ದಾರೋ ಅಷ್ಟು ಬೆರಳು ಎತ್ತಿ ತೋರಿಸುತ್ತಿದ್ದಳು. ರಾಚಪ್ಪ ಅವಳನ್ನು ಯಾವಾಗಲೂ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಬರೆಯುತ್ತಿದ್ದ.

ಕೆಂಪಿ ಎಂದರೆ ನನಗೆ ಪ್ರಾಣ. ಮಕ್ಕಳಿಲ್ಲದವಳಿರಬೇಕು ಎಂದು ಯಾರೂ ಮರುಕಪಡಬೇಡಿ, ಇಬ್ಬರಿದ್ದಾರೆ, ಇಬ್ಬರೂ ನನಗಿಂತ ಜೋರು ಬಾಯಿಯವರು. ಬಹುಶಃ ಅದಕ್ಕೇ ಒಬ್ಬಳಾದರೂ ಮಾತಾಡದವಳು ಬೇಕೆನಿಸಿತ್ತೇನೋ.

ಯಜಮಾನರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬೆಳಿಗ್ಗೆ ಒಳಗೆ ಬಂದರೆಂದರೆ ಮೆಷಿನ್ನಿಗಿಂತ ಅವರ ಸದ್ದೇ ಜಾಸ್ತಿ. ಆದರೆ ಕಥೆಯ ವಿಷಯದಲ್ಲಿ ಅವರದ್ದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಪ್ರೆಸ್ಸಿನ ಒಬ್ಬೊಬ್ಬರಿಗೂ ಒಂದೊಂದು ಪಾತ್ರದ ಕಾವಲು. ಸಂಚಿಕೆ ಮೆಷಿನ್ನಿಗೆ ಹೋಗುವ ಮುಂಚೆ ಟೀ ವೇಳೆಯಲ್ಲಿ ಪೂರ್ತಿ ಗಟ್ಟಿಯಾಗಿ ಓದಬೇಕು, ಕಾವಲಿನವರು “ಹೂಂ, ಇದು ನಮ್ಮವನೇ” ಎನ್ನಬೇಕು. ಮೆಷಿನ್ ಓಡಿಸುವವರದ್ದು ತಮ್ಮಯ್ಯ, ರಾಚಪ್ಪನದ್ದು ಸಿದ್ದ, ನನ್ನದು ಕೆಂಪಿ. ನಂಜಮ್ಮನ ಕಾವಲು ಯಜಮಾನರದೇ. ಅವರ ತಾಯಿಯನ್ನು ಒಂದು ಸಲ ನೋಡಿದ ಮೇಲೆ ಅದು ಯಾಕೆಂದು ನನಗೆ ತಿಳಿಯಿತು. ನಂಜಮ್ಮನ ಬಾಯಲ್ಲಿ ಒಂದು ಮೆತ್ತನೆಯ ಮಾತು ಬಂದರೂ ಅವರು ಟೀ ಲೋಟ ಕೆಳಗಿಡುತ್ತಿದ್ದರು. “ಇಲ್ಲ ಸರೋಜಮ್ಮ, ಅವ್ಳು ಹಂಗೆಲ್ಲ ಕೇಳ್ಕೊಳ್ಳಲ್ಲ. ಗದರ್ತಾಳೆ,” ಎನ್ನುತ್ತಿದ್ದರು.

ಬ್ಯಾರನ್ ಕಥೆ ಓದಿದ ದಿನ ರಾಚಪ್ಪ ಮದುವೆಗೆ ಹೋಗಿದ್ದ, ಅದಕ್ಕೇ ಅದು ತಪ್ಪಿಸಿಕೊಂಡಿತು. ಆಮೇಲೆ ಅವನು ಊರಲ್ಲಿ ಇಲ್ಲದ ದಿನ ಸಿದ್ದನಿಗೆ ಒಂದು ಮಾತನ್ನೂ ನಾನು ಕೊಡುತ್ತಿರಲಿಲ್ಲ.

ಸಿದ್ದನ ಬಗ್ಗೆ ಇನ್ನೊಂದು ಸಂಗತಿ. ಎರಡನೆಯ ಸಂಚಿಕೆಯಲ್ಲಿ ಅವನು ಕಳ್ಳರನ್ನು ಹಿಡಿಯಲು ಹೊಗೆಯಾಗಿ ಒಂದು ಮನೆಗೆ ನುಗ್ಗುತ್ತಾನೆ. ಒಳಗೆ ಮೂಲೆಯಲ್ಲಿ ಮಲಗಿದ್ದ ಒಬ್ಬ ಮುದುಕಿ ಉಸಿರುಕಟ್ಟಿ ಸಾಯುವ ಹಾಗಾಗುತ್ತಾಳೆ. ಅಂದಿನಿಂದ ಒಳಗೆ ಯಾರಿದ್ದಾರೆಂದು ತಿಳಿಯದೆ ಸಿದ್ದ ಯಾವ ಬಾಗಿಲಿಗೂ ಕಾಲಿಡುವುದಿಲ್ಲ. ಕೆಂಪಿಯ ಬೆರಳು ಏಳುವವರೆಗೂ ಕಾಯುತ್ತಾನೆ. ಇದು ನಾನು ಬರೆದದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು.

ಕೆಲಸದ ರೀತಿ ಬದಲಾಗುತ್ತ ಹೋಯಿತು. ಮೊದಮೊದಲು ರಾಚಪ್ಪ ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಬರೆಯುತ್ತಿದ್ದ, ಮಾತಿನ ಗುಳ್ಳೆಯೊಳಗೆ ನಾನು ಕೈಯಲ್ಲೇ ಅಕ್ಷರ ತುಂಬುತ್ತಿದ್ದೆ. ಹೆಚ್ಚು ಮಾತು ಬರೆದರೆ ತಮ್ಮಯ್ಯನ ತಲೆಯೇ ಮುಚ್ಚಿಹೋಗುತ್ತಿತ್ತು, ಹಾಗಾಗಿ ಕಡಿಮೆ ಮಾತಿನಲ್ಲಿ ಬರೆಯುವುದನ್ನು ಕಲಿತೆ. ಕಂಪ್ಯೂಟರ್ ಬಂದ ಮೇಲೆ ಅಕ್ಷರ ಎಷ್ಟು ಬೇಕಾದರೂ ಸಣ್ಣದಾಗುತ್ತದೆ, ಎಲ್ಲರೂ ವಾಚಾಳಿಗಳಾದರು. ಓದುಗರ ಅಭಿಪ್ರಾಯವೂ ಹಾಗೆಯೇ. ಆಗ ಅಂಚೆ ಕಾರ್ಡಿನಲ್ಲಿ ಬರುತ್ತಿತ್ತು, ಬೈಗುಳವೂ ಕಾರ್ಡಿನ ಅಳತೆಗೆ ಮುಗಿಯುತ್ತಿತ್ತು. ಈಗ ವಾಟ್ಸಾಪ್ ಗುಂಪು. ಗೌಡರು ಟ್ರ್ಯಾಕ್ಟರ್ ಮೇಲೆ ಕೂತೇ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಇಂಜಿನ್ ಸದ್ದಿನ ನಡುವೆ “ತಮ್ಮಯ್ಯಂಗೆ ಈ ಸಲ ಏನ್ ಕೆಲ್ಸ ಕೊಟ್ಟಿದ್ದೀರಿ, ಬರೀ ನಿಂತವ್ನೆ” ಎಂಬುದಷ್ಟೇ ಕೇಳಿಸುತ್ತದೆ.

ಪ್ರಕಾಶ ಬಂದದ್ದು ಈ ಕಾಲದಲ್ಲಿ. ನನ್ನ ನಿವೃತ್ತಿ ಹತ್ತಿರವಾಗುತ್ತಿತ್ತು, ಇನ್ನೊಬ್ಬರು ಬೇಕೆಂದು ಯಜಮಾನರು ಮೈಸೂರಿನಿಂದ ಅವನನ್ನು ಕರೆತಂದರು. ಚುರುಕು ಹುಡುಗ. ನಾನು ಒಂದು ಪುಟದಲ್ಲಿ ಹೇಳುವುದನ್ನು ಎರಡು ಚಿತ್ರದಲ್ಲಿ ಹೇಳುತ್ತಿದ್ದ. ಒಂದು ಸಂಚಿಕೆ ನಾನು, ಒಂದು ಸಂಚಿಕೆ ಅವನು ಎಂದಾಯಿತು. ನನಗೆ ಜ್ವರ ಬಂದು ರಜೆಯಲ್ಲಿದ್ದ ವಾರ ಅವನ ಸಂಚಿಕೆ ಅಚ್ಚಾಯಿತು. ಅದರಲ್ಲಿ ಕೆಂಪಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಾತಾಡಿದಳು. ತನ್ನ ಬಾಲ್ಯ ಹೇಳಿದಳು, ಕಳ್ಳರಿಗೆ ಬುದ್ಧಿ ಹೇಳಿದಳು, ತಮ್ಮಯ್ಯನನ್ನು ರೇಗಿಸಿದಳು.

ಪುಸ್ತಕ ಅಂಗಡಿಗೆ ಹೋದ ಸಂಜೆಯೇ ಫೋನ್ ಬಂತು, ಬೀಚನಹಳ್ಳಿಯ ಚಿಕ್ಕತಾಯಮ್ಮನದು. ಅವಳು ಕಬಿನಿ ಡ್ಯಾಮಿನ ಹತ್ತಿರದ ರೆಸಾರ್ಟೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು, ನಮ್ಮ ಹಳೆಯ ಓದುಗಿ. ಕೆಂಪಿಗೆ ಅವಳಷ್ಟು ದೊಡ್ಡ ಅಭಿಮಾನಿ ಬೇರೆ ಇರಲಿಲ್ಲ. “ದಿನಾ ಪೂರ್ತಿ ಪಾತ್ರೆ ಸದ್ದು, ಎಲ್ಲಾರ ಕೂಗಾಟ ಕಿವೀಗ್ ಬೀಳ್ತಿರ್ತದೆ ಅಕ್ಕ. ನಾನೂ ಬಾಯ್ ಬುಡಲ್ಲ, ಅವ್ಳೂ ಬಾಯ್ ಬುಡಲ್ಲ,” ಎಂದು ಹಿಂದೊಮ್ಮೆ ಹೇಳಿದ್ದಳು.

ಈಗ ಅವಳ ದನಿಯಲ್ಲಿ ಗಾಬರಿ. “ಅಕ್ಕ, ನಮ್ ಕೆಂಪಿಗೇನಾಯ್ತು? ಜ್ವರಗಿರ ನೆತ್ತಿಗೇರೈತಾ?”

“ಜ್ವರ ನನಗೆ ಬಂದಿತ್ತು ಕಣವ್ವ,” ಎಂದೆ.

ಪ್ರಕಾಶನ ಹತ್ತಿರ ಜಗಳವನ್ನೇ ಆಡಿದೆ. ಅವನಿಗೂ ನೋವಾಯಿತು. “ಎಷ್ಟು ದಿನ ಮೇಡಂ, ಅದೇ ಕಣ್ಣು ಮುಚ್ಚೋದು, ಅದೇ ಬೆರಳು ಎತ್ತೋದು? ಅವಳೂ ಮನುಷ್ಯಳಲ್ವಾ? ಒಳಗೆ ಏನೂ ಇರಲ್ವಾ?” ಎಂದ. ನಾನು ಗದರಿ ಸುಮ್ಮನಾಗಿಸಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ಅವನ ಪ್ರಶ್ನೆ ಕಾಡಿತು. ಆದರೂ ಸಿಟ್ಟು ಹೋಗಲಿಲ್ಲ. ಹಳೆಯ ಕೆಂಪಿ ಬೇಕು ಎನ್ನುವವರು, ಮಾತಾಡುವವಳೇ ಚೆನ್ನ ಎನ್ನುವವರು, ಹೀಗೆ ಗುಂಪಿನಲ್ಲಿ ಎರಡು ಪಕ್ಷವಾಗಿ ವಾರಗಟ್ಟಲೆ ಕಿತ್ತಾಡಿದರು. ಆ ಜಗಳದ ನಡುವೆ ಗೌಡರು ಒಂದು ಬಾಂಬು ಹಾಕಿದರು.

“ಮಾತಾಡಿದ್ರೂ ಅಷ್ಟೇ, ಆಡ್ದಿದ್ರೂ ಅಷ್ಟೇ. ಆ ಯಮ್ಮ ಪಡೇಲಿ ಯಾತಕ್ಕವ್ಳೆ? ಒಂದ್ ಏಟು ಹೊಡ್ದಿದ್ದಾಳಾ? ತೆಗ್ದು ಬುಡ್ರಿ ಅತ್ಲಾಗೆ.”

ಗುಂಪಿನಲ್ಲಿ ಹೆಬ್ಬೆರಳು ಎತ್ತಿ ಒಪ್ಪಿಗೆ ಸೂಚಿಸಿದವರು ಎಷ್ಟೊಂದು ಜನ! ಹುಣಸೂರಿನವರು ಸೇರಿಕೊಂಡರು, ನಮ್ಮ ಕೆ.ಆರ್. ನಗರದವರೂ ಸೇರಿಕೊಂಡರು. ಎಚ್.ಡಿ. ಕೋಟೆಯವರು ಮಾತ್ರ “ನಮ್ಮ ತಾಲೂಕು ಅಂದ್ರೆ ನಿಮಗೆ ಯಾವಾಗ್ಲೂ ಕೊನೇದು” ಎಂದು ಸಿಟ್ಟಾದರು.

ಇಲ್ಲಿ ನಮ್ಮ ಓದುಗರ ಕೂಟದ ಬಗ್ಗೆ ಹೇಳಬೇಕು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ, ಹೊಲಗದ್ದೆ ಕೆಲಸ ಸ್ವಲ್ಪ ಹಗುರಾದಾಗ, ಒಂದು ಭಾನುವಾರ ಓದುಗರೆಲ್ಲ ಪ್ರೆಸ್ಸಿನ ಗೋಡೌನಿನಲ್ಲಿ ಸೇರುವುದು. ಪೇಪರ್ ಬಂಡಲುಗಳೇ ಕುರ್ಚಿ. ಉಪ್ಪಿಟ್ಟು, ಕೇಸರಿಬಾತು ಯಜಮಾನರದ್ದು. ಪಡೆಗೆ ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎಂದು ಯಾರು ಬೇಕಾದರೂ ಕೇಳಬಹುದು. ಆದರೆ ಯಜಮಾನರ ಷರತ್ತು ಒಂದೇ. ತೆಗೆಯಬೇಕು ಎನ್ನುವವರು, ಆ ಪಾತ್ರವಿಲ್ಲದ ಒಂದು ಕಥೆಯನ್ನು ನಿಂತಲ್ಲೇ ಕಟ್ಟಿ ಹೇಳಬೇಕು. ಕೂಟ ಒಪ್ಪಿ ಚಪ್ಪಾಳೆ ತಟ್ಟಿದರೆ ಮುಂದಿನ ಸಂಚಿಕೆಯಿಂದ ಆ ಪಾತ್ರ ಇಲ್ಲ.

ಇದು ತಮಾಷೆಯಲ್ಲ. ಹಿಂದೆ ಮಿಂಚುಮಲ್ಲ ಎಂಬ ಐದನೆಯವನೊಬ್ಬ ಇದ್ದ, ಮಿಂಚಿನಂತೆ ಓಡುವವನು, ಯಜಮಾನರೇ ಆಸೆಪಟ್ಟು ಸೇರಿಸಿದ್ದು. ಒಬ್ಬ ಓದುಗ ಎದ್ದು ಅವನಿಲ್ಲದ ಕಥೆ ಹೇಳಿದ. ಕಥೆ ಮುಗಿದ ಮೇಲೂ ಅವನು ಇರಲಿಲ್ಲವೆಂಬುದು ಯಾರಿಗೂ ನೆನಪಾಗಲಿಲ್ಲ. ಯಜಮಾನರು ಮುಖ ಸಪ್ಪೆ ಮಾಡಿಕೊಂಡೇ ಮಾತು ಉಳಿಸಿಕೊಂಡರು, ಮಿಂಚುಮಲ್ಲ ಅಲ್ಲಿಗೆ ಮುಗಿದ. ಸೇರಿಸಬೇಕು ಎನ್ನುವವರ ಕಥೆ ಇನ್ನೂ ಮಜ. ಒಬ್ಬರು ಎಕ್ಸ್‌ಪ್ರೆಸ್ ಬಸ್ಸನ್ನು ತಮ್ಮ ಹಳ್ಳಿ ಗೇಟಿನಲ್ಲಿ ನಿಲ್ಲಿಸುವ ಶಕ್ತಿಯಿರುವ ವೀರ ಬೇಕು ಎಂದರು. ಅದು ಯಾವ ಕಥೆಯಲ್ಲೂ ನಂಬುವ ಮಾತಲ್ಲ ಎಂದು ಕೂಟ ಒಟ್ಟಾಗಿ ತಿರಸ್ಕರಿಸಿತು.

ನನ್ನ ಕೊನೆಯ ಕೂಟ ಬಂತು. ಅದಾದ ಮೇಲಿನ ತಿಂಗಳು ನನ್ನ ನಿವೃತ್ತಿ. ಹಿಂದಿನ ದಿನ ಯಜಮಾನರ ಕೋಣೆಗೆ ಹೋಗಿ ನಿಂತೆ.

“ಸಾರ್, ಈ ಸಲ ಆ ಷರತ್ತು ಬಿಟ್ಟುಬಿಡಿ. ನಾನು ಹೋದ ಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ.”

ಅವರು ಕನ್ನಡಕ ತೆಗೆದರು. “ಮಿಂಚುಮಲ್ಲನ್ನ ತೆಗೆಯೋವಾಗ ನಾನು ಬಿಡಿ ಅಂದ್ನಾ ಸರೋಜಮ್ಮ?”

ನಾನು ಹೋದ ಮೇಲೂ ಕೆಂಪಿ ಇರುತ್ತಾಳೆ ಎಂಬುದೊಂದೇ ನನಗೆ ಬೇಕಿದ್ದದ್ದು. ಸನ್ಮಾನ, ಹಾರ, ಶಾಲು ಯಾವುದೂ ಬೇಡವಿತ್ತು. ಆ ಭಾನುವಾರ ಉಪ್ಪಿಟ್ಟಿನ ಪ್ಲೇಟನ್ನು ಹಾಗೇ ಪಕ್ಕಕ್ಕಿಟ್ಟೆ.

ಗೋಡೌನ್ ತುಂಬಿತ್ತು. ಜವರೇಗೌಡರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದಿದ್ದರು. ಚಿಕ್ಕತಾಯಮ್ಮ ಮಧ್ಯಾಹ್ನದ ಪಾಳಿ ಯಾರಿಗೋ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಬಂದು ಬಾಗಿಲ ಹತ್ತಿರ ಕೂತಿದ್ದಳು. ಪ್ರಕಾಶ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ.

ಗೌಡರು ಎದ್ದರು. ಒಳ್ಳೆಯ ಕಥೆಗಾರರು, ಅದನ್ನು ಒಪ್ಪಬೇಕು.

“ಕಬಿನಿ ಹಿನ್ನೀರು. ಮರಗಳ್ಳರು ದಿಮ್ಮಿ ಕದ್ದು ನೀರಿನ ಪಕ್ಕ ಒಂದು ಶೆಡ್ಡಲ್ಲಿ ಒಟ್ಟವ್ರೆ. ಲಾರಿ ಬಂದ್ ನಿಂತದೆ. ತಮ್ಮಯ್ಯ ಬಂದ, ರಸ್ತೆಗ್ ಅಡ್ಡ ಮಲಿಕ್ಕಂಡ. ಲಾರಿ ಬಂದು ಗುದ್ದುದ್ರೆ ಲಾರೀನೇ ನುಗ್ಗಾಯ್ತು!”

ಹುಣಸೂರಿನವರು ಶಿಳ್ಳೆ ಹಾಕಿದರು.

“ನಂಜಮ್ಮ ದಡದಲ್ ನಿಂತು ಒಂದ್ ಕೈ ಎತ್ತುದ್ಲು. ಹಿನ್ನೀರು ಎದ್ದು ಬಂದು ಶೆಡ್ಡಿನ್ ಸುತ್ತ ನಿಂತ್ಕತ್ತು. ಕಳ್ರು ತೆಪ್ಪ ಹಾಕಂಗಿಲ್ಲ, ಓಡಂಗಿಲ್ಲ. ಶೆಡ್ಡೊಳೀಕ್ ಹೋಗಿ ಬಾಗ್ಲು ಹಾಕ್ಕಂಡ್ರು.”

ನಮ್ಮ ಊರಿನವರು ಬಂಡಲು ಬಡಿದರು. ಕಥೆ ಚೆನ್ನಾಗಿತ್ತು. ಕೆಂಪಿಯ ನೆನಪು ಯಾರಿಗೂ ಬಂದಂತಿರಲಿಲ್ಲ.

“ಆಗ ಬಂದ ನೋಡಿ ನಮ್ ಸಿದ್ದ,” ಎಂದರು ಗೌಡರು. ದನಿಯೇ ಬದಲಾಯಿತು. “ಶೆಡ್ಡಿನ್ ಬಾಗ್ಲು ಮುಂದೆ ಬಂದ್ ನಿಂತ. ಬಾಗ್ಲಡಿ ಒಂದ್ ಬೆರಳು ಸಂದು ಐತೆ. ಸಿದ್ದ ಹೊಗೆ ಆಗೋಕೆ ಸುರು ಮಾಡ್ದ…”

ನಿಂತರು. ಟವಲಿನಿಂದ ಮುಖ ಒರೆಸಿಕೊಂಡರು.

“ಸಿದ್ದ ಬಾಗ್ಲು ಮುಂದೆ ನಿಂತವ್ನೆ,” ಎಂದು ಮತ್ತೆ ಹೇಳಿದರು.

“ಮುಂದೆ?” ಎಂದರು ಯಾರೋ.

“ತಡೀರಿ.” ಗೌಡರು ಕೆಳಗೆ ನೋಡಿದರು, ಮೇಲೆ ನೋಡಿದರು. “ಕಿಟಕಿ ತಾವ್ಕೆ ಹೋದ. ಕಿಟಕೀಗೆ ಗೋಣಿಚೀಲ ಕಟ್ಟವ್ರೆ. ಒಳ್ಗೆ ಕಾಣಲ್ಲ. ತಿರ್ಗಾ ಬಾಗ್ಲು ತಾವ್ಕೇ ಬಂದ.”

“ನುಗ್ಗುಸ್ರಿ ಗೌಡ್ರೇ, ಹೊತ್ತಾಯ್ತು!” ಎಂದ ಹುಣಸೂರಿನ ಒಬ್ಬ.

“ಎಂಗ್ಲಾ ನುಗ್ಗುಸ್ಲಿ?” ಗೌಡರು ರೇಗಿದರು. “ಒಳ್ಗೆ ಕಳ್ರ ಜೊತೆ ಇನ್ಯಾರವ್ರೋ! ಕಾವಲ್ಗಾರ್ನ ಎಂಡ್ರು ಅವ್ಳೋ, ಕೂಸು ಅದೋ! ಗೊತ್ತಾಗ್ದೆ ಹೊಗೆ ತುಂಬುಸ್ತಾನಾ ನಮ್ ಸಿದ್ದ?”

“ಕಥೆ ತಾನೆ, ಒಳ್ಗೆ ಯಾರೂ ಇಲ್ಲ ಅನ್ನಿ!”

“ನಂಗ್ ಗೊತ್ತು ಕಣ್ಲಾ ಯಾರೂ ಇಲ್ಲ ಅಂತ. ಸಿದ್ದಂಗೆ ಎಂಗ್ ಗೊತ್ತಾಯ್ತದೆ? ಕಥೆ ಅಂತ ಅವ್ನ ಕೈಲಿ ಏನ್ ಬೇಕಾರ ಮಾಡುಸ್ಲಾ?”

ಆ ದೊಡ್ಡ ಆಳು ಎಲ್ಲರೆದುರು ನಿಂತು ಒದ್ದಾಡುತ್ತಿದ್ದರು. ಒಂದು ಹೆಜ್ಜೆ ಮುಂದೆ ಹಾಕಿಸಿದ್ದರೆ ಕಥೆ ಮುಗಿಯುತ್ತಿತ್ತು, ಚಪ್ಪಾಳೆ ಬೀಳುತ್ತಿತ್ತು, ಕೆಂಪಿ ಹೋಗುತ್ತಿದ್ದಳು. ನಾನು ಹಲ್ಲು ಕಚ್ಚಿ ಕೂತಿದ್ದೆ. ಆ ಹೆಜ್ಜೆ ಹಾಕಿಸಲು ಅವರಿಗೆ ಮನಸ್ಸು ಬರಲಿಲ್ಲ.

ಬಾಗಿಲ ಕಡೆಯಿಂದ ಚಿಕ್ಕತಾಯಮ್ಮನ ಮೆಲ್ಲನೆಯ ದನಿ ಬಂತು. “ಕೆಂಪಿ ಕರೀಲಾ ಗೌಡ್ರೇ?”

ಮೊದಲು ನಕ್ಕವರು ಯಜಮಾನರು. ಆಮೇಲೆ ಇಡೀ ಗೋಡೌನ್ ನಕ್ಕಿತು. ಗೌಡರು ಟವಲನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು ಬಂಡಲಿನ ಮೇಲೆ ಕುಕ್ಕರಿಸಿದರು. “ಕರೀರಿ ತಾಯಿ ಕರೀರಿ,” ಎಂದರು. “ಆ ಯಮ್ಮ ಇಲ್ದಿದ್ರೆ ನಮ್ಮೋನು ನಮ್ಮೋನಾಗಿ ಇರಂಗಿಲ್ಲ. ನಂಗ್ ಈಗ್ ಗೊತ್ತಾಯ್ತು. ಬುಡಿ, ನನ್ ಮಾತು ವಾಪಸ್ಸು.”

ನನಗೆ ಅಳು ಬಂತು, ಅತ್ತೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದನ್ನು ನೋಡಿ ರಾಚಪ್ಪ ನೀರು ತಂದುಕೊಟ್ಟ. “ಸರೋಜಕ್ಕ, ಗೆದ್ದಿದ್ದೀರಿ ಕಣಕ್ಕ, ಯಾಕ್ ಅಳ್ತೀರಿ?” ಎಂದ. ಎದೆಯ ಮೇಲಿನ ಭಾರ ಇಳಿದಾಗಲೂ ಅಳು ಬರುತ್ತದೆ ಎಂದು ಅವನಿಗೆ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ಎರಡು ಪ್ಲೇಟ್ ಕೇಸರಿಬಾತು ತಿಂದೆ.

ನಾವು ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಬರೆಯುತ್ತೇವೆಂದು ತಿಳಿದಿರುತ್ತೇವೆ. ಹಾಗಲ್ಲ. ತಮ್ಮಯ್ಯ ಯಾವಾಗ ಸುಮ್ಮನಿರಬೇಕೆಂದು ನಂಜಮ್ಮನ ಗದರಿಕೆಯಿಂದ ಗೊತ್ತಾಗುತ್ತದೆ, ಸಿದ್ದನ ಒಳ್ಳೆಯತನ ಕೆಂಪಿಯ ಬೆರಳಿನ ಮುಂದೆ ಅವನು ಕಾಯುವುದರಲ್ಲಿದೆ. ಒಬ್ಬರನ್ನು ತೆಗೆದರೆ ಉಳಿದವರ ಸ್ವಭಾವವೇ ಬದಲಾಗಿಬಿಡುತ್ತದೆ. ಇದನ್ನು ನಾನು ಅಷ್ಟು ವರ್ಷ ಬರೆದರೂ ಮಾತಿನಲ್ಲಿ ಹೇಳಲು ಬಂದಿರಲಿಲ್ಲ. ನನಗೆ ಹೇಳಿಕೊಟ್ಟದ್ದು ಅವಳನ್ನು ತೆಗೆಯಲು ಬಂದ ಮನುಷ್ಯ. ನೀವು ಪಡೆ ಕಟ್ಟುವಾಗ ಯಾರ ಶಕ್ತಿ ಎಷ್ಟು ಎಂದು ಅಳೆಯುವುದಕ್ಕೆ ಮುಂಚೆ, ಯಾರು ಯಾರಿಗಾಗಿ ಕಾಯುತ್ತಾರೆ ಎಂದು ನೋಡಿಕೊಳ್ಳಿ.

ಕೆಂಪಿ ಉಳಿದಳು ಎಂದು ಸಮಾಧಾನವಾದದ್ದು ಒಂದು ವಾರ ಅಷ್ಟೇ. ಆಮೇಲೆ ಇನ್ನೊಂದು ಚಿಂತೆ ಹತ್ತಿತು. ಉಳಿದಳು ಸರಿ, ಯಾರ ಕೈಯಲ್ಲಿ? ಅವಳನ್ನು ಪುಟಗಟ್ಟಲೆ ಹರಟಿಸಿದ ಹುಡುಗನ ಕೈಯಲ್ಲಿ. ಹೆಸರು ಅದೇ ಇದ್ದು ಒಳಗೆ ಬೇರೆ ಯಾರೋ ಕೂತಿದ್ದರೆ ಅದಕ್ಕಿಂತ ತೆಗೆದುಬಿಡುವುದೇ ವಾಸಿಯಿತ್ತಲ್ಲವೇ? ಕೊನೆಯ ದಿನ ಶಾಲು ಹೊದಿಸಿಕೊಂಡ ಮೇಲೆ ಪ್ರಕಾಶನನ್ನು ಪಕ್ಕಕ್ಕೆ ಕರೆದೆ. ಕೆಂಪಿ ಹೀಗೆ, ಕೆಂಪಿ ಹಾಗೆ ಎಂದು ಹೇಳಲು ಬಾಯಿ ತೆರೆದೆ.

ಹಿಂದಿನಿಂದ ಯಜಮಾನರು ಗುಡುಗಿದರು. “ಸರೋಜಮ್ಮ, ಬಸ್ಸು ಹೋಗ್ಬಿಡ್ತದೆ, ಹೊರಡ್ರಿ.” ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹುಡುಗನನ್ನು ಅವನ ಪಾಡಿಗೆ ಬಿಡಿ ಎನ್ನುತ್ತಿದ್ದಾರೆಂದು ತಿಳಿಯಿತು. ಹೊರಟೆ.

ನಾನು ಬಿಟ್ಟ ಮೇಲಿನ ಪ್ರಕಾಶನ ಮೊದಲ ಸಂಚಿಕೆ ಅಂಚೆಯಲ್ಲಿ ಮನೆಗೆ ಬಂತು. ಬೆಳಿಗ್ಗೆಯೆಲ್ಲ ಅದನ್ನು ಒಡೆಯದೆ ಟೀವಿಯ ಪಕ್ಕದಲ್ಲಿಟ್ಟೆ. ಅಕ್ಕಿ ಆರಿಸಿದೆ, ಸಾರು ಮಾಡಿದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಊಟವಾದ ಮೇಲೆ ಧೈರ್ಯ ಮಾಡಿ ತೆರೆದೆ.

ಅರ್ಧ ಪುಸ್ತಕ ಹೊಡೆದಾಟ. ಕೆಂಪಿ ಬೆರಳು ಎತ್ತಿದಳು, ಸಿದ್ದ ಒಳಗೆ ಹೋದ, ಎಲ್ಲ ಸರಿ. ಕಳ್ಳರು ಸಿಕ್ಕರು, ಕಥೆ ಮುಗಿಯಿತು ಎಂದುಕೊಂಡರೆ ಇನ್ನೂ ಎರಡು ಪುಟವಿತ್ತು. ಮನೆಗೆ ವಾಪಸ್ಸು ಹೋಗುವ ದಾರಿ. ತಮ್ಮಯ್ಯ, ನಂಜಮ್ಮ ಮುಂದೆ ಹೋಗಿದ್ದಾರೆ. ಒಂದು ಕೆರೆಯ ಏರಿಯ ಮೇಲೆ ಕೆಂಪಿ ಕೂತುಬಿಡುತ್ತಾಳೆ. ಅವಳ ಸುತ್ತ ಚಿತ್ರದ ತುಂಬ ಸಣ್ಣ ಸಣ್ಣ ಅಕ್ಷರದಲ್ಲಿ ನಾಲ್ಕು ತಾಲೂಕಿನ ಸದ್ದು. ಎಲ್ಲೋ ಜಗಳ, ಎಲ್ಲೋ ಮಗುವಿನ ಅಳು, ಪಂಪ್‌ಸೆಟ್ಟು, ಬಸ್ಸಿನ ಹಾರನ್, ಆನೆಯ ಘೀಳು. ಸಿದ್ದ ಪಕ್ಕದಲ್ಲಿ ಬಂದು ಕೂರುತ್ತಾನೆ. ಕೆಂಪಿ ಅವನಿಗೆ ಹೇಳುತ್ತಾಳೆ:

“ಏನಾದ್ರೂ ಮಾತಾಡು ಸಿದ್ದ. ಎಲ್ಲಾರ್ದೂ ಕೇಳಿ ಕೇಳಿ ಸಾಕಾಗದೆ. ಒಬ್ರುದೇ ಕೇಳ್ಬೇಕು.”

ಸಿದ್ದ ಏನು ಹೇಳಬೇಕೆಂದು ತೋಚದೆ ತನ್ನ ಮನೆಯ ಹೊಸ ಕರುವಿನ ಕಥೆ ಹೇಳತೊಡಗುತ್ತಾನೆ. ಅದು ಹೇಗೆ ಎದ್ದು ನಿಂತಿತು, ಹೇಗೆ ಬಿತ್ತು, ಮತ್ತೆ ಹೇಗೆ ಎದ್ದಿತು. ಒಂದೊಂದು ಚಿತ್ರಕ್ಕೂ ಸುತ್ತಲಿನ ಸಣ್ಣ ಅಕ್ಷರಗಳು ಕಡಿಮೆಯಾಗುತ್ತ ಹೋಗುತ್ತವೆ. ಕೊನೆಯ ಚಿತ್ರದಲ್ಲಿ ಒಂದು ಸದ್ದೂ ಇಲ್ಲ. ಕೆಂಪಿ ಏರಿಯ ಮೇಲೆ ಕೈ ತಲೆದಿಂಬು ಮಾಡಿಕೊಂಡು ಮಲಗಿದ್ದಾಳೆ, ಸಿದ್ದ ಇನ್ನೂ ಮಾತಾಡುತ್ತಿದ್ದಾನೆ.

ಇಷ್ಟು ವರ್ಷ ಅವಳಿಗೆ ಎಲ್ಲ ಕೇಳಿಸಿದೆ. ಅವಳಿಗೆ ನಿದ್ದೆ ಹೇಗೆ ಬರುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆ ಹುಡುಗ ಯೋಚಿಸಿದ್ದ. ಅವಳು ನನ್ನ ಕೆಂಪಿಯೇ, ಒಂದು ಕೂದಲೆಳೆಯೂ ಆಚೀಚೆಯಾಗಿರಲಿಲ್ಲ, ಆದರೂ ನಾನು ಕಾಣದ ಕೆಂಪಿ. ಮುಂದಿನ ಸಂಚಿಕೆಯಲ್ಲಿ ಅವಳು ಏನು ಮಾಡುತ್ತಾಳೆಂದು ನನಗೆ ಮೊದಲ ಸಲ ಗೊತ್ತಿರಲಿಲ್ಲ, ಗೊತ್ತಿಲ್ಲದಿರುವುದು ಎಷ್ಟು ಹಗುರವಾಗಿತ್ತೆಂದರೆ ಪುಸ್ತಕ ಮಡಿಚಿ ಗಟ್ಟಿಯಾಗಿ ನಕ್ಕೆ.

ಅಷ್ಟರಲ್ಲಿ ಫೋನ್ ಬಂತು. ಚಿಕ್ಕತಾಯಮ್ಮ. ಹಿಂದೆ ಪಾತ್ರೆ ಸದ್ದು, ಆದರೆ ಅವಳು ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು.

“ಅಕ್ಕ, ನೋಡುದ್ರಾ? ನಮ್ ಹುಡುಗಿ ಮಲ್ಗವ್ಳೆ.”

“ನೋಡ್ದೆ ಕಣವ್ವ.”

“ಆ ಬರ್ಯೋ ಹುಡುಗುಂಗೆ ಒಂದ್ ಮಾತ್ ಹೇಳಿ. ಬ್ಯಾಗ ಎಬ್ಬುಸ್ಬ್ಯಾಡ ಅನ್ನಿ.”

“ಹೇಳ್ತೀನಿ,” ಎಂದೆ.

ಹೇಳಲಿಲ್ಲ. ಅದು ಅವನಿಗೆ ಗೊತ್ತು.